ಅಮ್ಮನಿಗೆ ಸಿಒಪಿಡಿ, ಈಗ ಉಸಿರುನಾಳದೊಳಗೆ ಗಡ್ಡೆ. ಕ್ಯಾನ್ಸರ್ ಅಲ್ವಂತೆ. ತೆಗೆಸಬೇಕಾ, ಬಿಡಬೇಕಾ?

ಮಲೆನಾಡ ಮಗಳು
ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ಓದಿ ಹೇಳಿ.

ಅಮ್ಮನಿಗೆ 63 ವರ್ಷ. ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ ಇದ್ದಾಳೆ. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವಳಲ್ಲ. ಆದರೆ 40 ವರ್ಷ ಕಟ್ಟಿಗೆ ಒಲೆ ಊದಿದ್ದಾಳೆ. ಅಡುಗೆಮನೆಯಲ್ಲಿ ಒಂದು ಒಲೆ, ಬಚ್ಚಲಲ್ಲಿ ಇನ್ನೊಂದು. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಮನೆ ತುಂಬಾ ಹೊಗೆ. 6 ವರ್ಷದ ಹಿಂದೆ ಊದುವ ಪರೀಕ್ಷೆ ಮಾಡಿ ಸಿಒಪಿಡಿ, ಅಂದರೆ ಉಸಿರುನಾಳಗಳು ಕಿರಿದಾಗಿ ಏದುಸಿರು ಬರುವ, ಪೂರ್ತಿ ವಾಸಿಯಾಗದ ಕಾಯಿಲೆ ಅಂದರು. ಅವತ್ತಿನಿಂದ ಇನ್ಹೇಲರ್ ನಡೆದಿದೆ.

ಕಳೆದ 14 ತಿಂಗಳಲ್ಲಿ 3 ಸಲ ನ್ಯುಮೋನಿಯಾ ಆಯಿತು. ಮೂರು ಸಲವೂ ಎಡಗಡೆ, ಕೆಳಭಾಗದಲ್ಲೇ. ಪ್ರತಿ ಸಲವೂ "ಸಿಒಪಿಡಿ ಇದ್ದವರಿಗೆ ಹೀಗಾಗುತ್ತೆ" ಅಂತ ಆಂಟಿಬಯೋಟಿಕ್ ಕೊಟ್ಟು ಕಳಿಸಿದರು. ನಾವೂ ನಂಬಿದೆವು. ನಾಲ್ಕನೇ ಸಲ ಕೆಮ್ಮು, ಜ್ವರ ಅಂತ ಹೋದಾಗ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. "ಸೀಟಿ ಸದ್ದು ಎಡಗಡೆ ಮಾತ್ರ ಇದೆ, ಬಲಗಡೆ ಇಲ್ಲ. ಸಿಟಿ ಸ್ಕ್ಯಾನ್ ಮಾಡಿಸಿಬಿಡಿ" ಅಂದರು.

ಸ್ಕ್ಯಾನಿನಲ್ಲಿ ಎಡಗಡೆಯ ಕೆಳಭಾಗಕ್ಕೆ ಹೋಗುವ ನಾಳದ ಬಾಯಲ್ಲಿ 1.6 ಸೆಂ.ಮೀ. ಗಡ್ಡೆ ಕಂಡಿತು. ಒಳಗೆ ಕೊಬ್ಬು ಇದೆ ಎಂದು ರಿಪೋರ್ಟು. ಆಮೇಲೆ ಮೂಗಿನಿಂದ ಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಹಾಕಿ ನೋಡಿದರು. ನುಣುಪಾದ, ಹಳದಿ ಬಣ್ಣದ ಗುಂಡು. ಸಣ್ಣ ತೊಟ್ಟಿನಲ್ಲಿ ನೇತಾಡುತ್ತಿದೆ, ಉಸಿರಾಡಿದ ಹಾಗೆ ಅಲ್ಲಾಡುತ್ತದೆ. ಚೂರು ಕಿತ್ತು ಲ್ಯಾಬಿಗೆ ಕಳಿಸಿದ ಬಯಾಪ್ಸಿಯಲ್ಲಿ "ಸಾಮಾನ್ಯ ಒಳಪದರ ಮಾತ್ರ" ಅಂತ ಬಂತು.

ಈಗ ನಮಗೆ ಮೂರು ಮಾತು ಕೇಳಿಸುತ್ತಿದೆ. ಒಬ್ಬ ಸರ್ಜನ್ ಎದೆ ತೆರೆದು ಎಡ ಶ್ವಾಸಕೋಶದ ಕೆಳಭಾಗವನ್ನೇ ತೆಗೆಯೋಣ ಅಂದರು. ಇನ್ನೊಂದು ಕಡೆ ಸ್ಕೋಪ್ ಮೂಲಕವೇ ತೆಗೆಯಬಹುದು ಅಂದರು. ನಮ್ಮ ದೊಡ್ಡಪ್ಪ "ಕ್ಯಾನ್ಸರ್ ಅಲ್ಲ ಅಂದಮೇಲೆ ಯಾಕೆ ಕೆಣಕಬೇಕು, ಇರುವಷ್ಟು ದಿನ ಆರಾಮಾಗಿ ಇರಲಿ ಬಿಡು" ಅಂತಾರೆ.

ಅಮ್ಮನ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 0.72 ಲೀಟರ್, ಅಂದರೆ ಇರಬೇಕಾದದ್ದರ ಶೇ 42 ಅಷ್ಟೇ. ಕೂತಾಗ ಆಕ್ಸಿಜನ್ 91. ನಾಲ್ಕು ಹೆಜ್ಜೆ ನಡೆದರೆ 86ಕ್ಕೆ ಇಳಿಯುತ್ತದೆ. ಇಷ್ಟು ಕಮ್ಮಿ ಉಸಿರಿರುವವಳಿಗೆ ಯಾವುದು ಸರಿ? ನಿದ್ದೆ ಬರುತ್ತಿಲ್ಲ ನನಗೆ.

—

ಕೆಂಗೇರಿಯವನು
ಭಾನುವಾರ, ರಾತ್ರಿ 10:05

ಅಕ್ಕಾ, ನಮ್ಮ ತಂದೆಗೂ ಹೆಚ್ಚುಕಮ್ಮಿ ಇದೇ ಆಗಿತ್ತು. ಅವರು 30 ವರ್ಷ ಬೀಡಿ ಸೇದಿದವರು. ಬಲಗಡೆ ನಾಳದಲ್ಲಿ ಲಿಪೋಮಾ ಇತ್ತು, ಬರೀ ಕೊಬ್ಬಿನ ಗಡ್ಡೆ. ಸ್ಕೋಪಿನಲ್ಲೇ ತೆಗೆದರು, ಎದೆ ಕೊಯ್ಯಲಿಲ್ಲ. 3ನೇ ದಿನ ಮನೆಗೆ ಬಂದರು. ಭಯಪಡಬೇಡಿ.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಮಗೆ ಯಾರೂ ಹೇಳಿರಲಿಲ್ಲ. ಗಡ್ಡೆ ಹೋದ ಮೇಲೆ ಅಪ್ಪ ಪೂರ್ತಿ ಹುಷಾರಾಗುತ್ತಾರೆ ಅಂದುಕೊಂಡಿದ್ದೆವು. ಅದು ಆಗಲಿಲ್ಲ. ಪದೇ ಪದೇ ಬರುತ್ತಿದ್ದ ಜ್ವರ, ಕಫ ನಿಂತಿತು. ಮೆಟ್ಟಿಲು ಹತ್ತುವಾಗಿನ ಏದುಸಿರು ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಅದು ಬೀಡಿ ಕೊಟ್ಟ ಕಾಯಿಲೆ, ಹಾಗೇ ಇದೆ. ಅಪ್ಪ ಬೇಜಾರಾಗಿ ಎರಡು ತಿಂಗಳು ಇನ್ಹೇಲರ್ ಬಿಟ್ಟುಬಿಟ್ಟರು, "ಆಪರೇಷನ್ ಆಯ್ತಲ್ಲ" ಅಂತ. ಮತ್ತೆ ಆಸ್ಪತ್ರೆ ಸೇರಬೇಕಾಯಿತು.

—

ಎದೆರೋಗ ವೈದ್ಯೆ
ಸೋಮವಾರ, ಬೆಳಿಗ್ಗೆ 6:30

ನಾನು ಶ್ವಾಸಕೋಶ ತಜ್ಞೆ. ನಿಮ್ಮ ಅಮ್ಮನ ಸ್ಕ್ಯಾನ್ ನೋಡಿಲ್ಲ, ಅವರ ಡಾಕ್ಟರ ಮಾತಿಗೆ ಬದಲಾಗಿ ಇದನ್ನು ತಗೊಬೇಡಿ. ಆದರೆ ನೀವು ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ ಅಂದರೆ ಸುಮ್ಮನಿರಲು ಆಗಲಿಲ್ಲ.

ಮೊದಲು ಆ ಚಿಕ್ಕ ಡಾಕ್ಟರಿಗೆ ನನ್ನದೂ ಒಂದು ಧನ್ಯವಾದ. ಸಿಒಪಿಡಿಯ ಸೀಟಿ ಎರಡೂ ಕಡೆ ಕೇಳುತ್ತದೆ. ಒಂದೇ ಜಾಗದಲ್ಲಿ, ಕೆಮ್ಮಿದರೂ ಹೋಗದ ಸೀಟಿ ಇದ್ದರೆ ಅಲ್ಲಿ ಏನೋ ಅಡ್ಡ ಕೂತಿದೆಯಾ ಅಂತ ನೋಡಲೇಬೇಕು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆದರೂ ಅಷ್ಟೇ. ಹಳೆ ಕಾಯಿಲೆಯ ಹೆಸರು ಒಂದು ಸಲ ಫೈಲಿನ ಮೇಲೆ ಬಿತ್ತು ಅಂದರೆ ಆಮೇಲೆ ಬರುವ ಎಲ್ಲ ತೊಂದರೆಯನ್ನೂ ಅದರ ಲೆಕ್ಕಕ್ಕೇ ಬರೆಯುತ್ತಾ ಹೋಗುತ್ತೇವೆ. ನಾವು ವೈದ್ಯರು ಮಾಡುವ ತಪ್ಪು ಇದು. ನಾನೂ ಮಾಡಿದ್ದೇನೆ.

ಗಡ್ಡೆಯ ವಿಷಯಕ್ಕೆ ಬರುತ್ತೇನೆ. ಒಳಗೆ ಕೊಬ್ಬು ಕಾಣುತ್ತಿದೆ ಅಂದರೆ ಎರಡು ಹೆಸರು ಮೊದಲು ಬರುತ್ತವೆ. ಒಂದು ಲಿಪೋಮಾ, ಕೆಂಗೇರಿಯವರು ಹೇಳಿದ್ದು. ಇನ್ನೊಂದು ಹ್ಯಾಮರ್ಟೋಮಾ. ಶ್ವಾಸಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಕಿವಿಯಲ್ಲಿ ಕೈಗೆ ಸಿಗುತ್ತದಲ್ಲ, ಅಂಥ ಮೆತ್ತನೆ ಎಲುಬು, ಕೊಬ್ಬು, ನಾರು ಎಲ್ಲ ಸೇರಿ ಆಗಿರುತ್ತದೆ. ಸಾಮಾನೆಲ್ಲ ನಮ್ಮ ಮೈಯದ್ದೇ, ಜೋಡಣೆ ಮಾತ್ರ ತಪ್ಪಿದೆ. ಹೆಚ್ಚಿನವು ಶ್ವಾಸಕೋಶದ ಅಂಚಿನಲ್ಲಿ ಸುಮ್ನೆ ಕೂತಿರುತ್ತವೆ, ಯಾರಿಗೂ ತೊಂದರೆ ಕೊಡದೆ. ಕೆಲವು ಮಾತ್ರ ನಾಳದೊಳಗೆ ಬೆಳೆಯುತ್ತವೆ. ತೊಂದರೆ ಕೊಡುವುದು ಇವೇ.

ಬಯಾಪ್ಸಿಯಲ್ಲಿ ಏನೂ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಈ ಗಡ್ಡೆಗಳ ಮೇಲೆ ಸಾಮಾನ್ಯ ಪೊರೆ ಇರುತ್ತದೆ, ಒಳಗೆ ಗಟ್ಟಿ. ಸ್ಕೋಪಿನ ಪುಟ್ಟ ಚಿಮುಟಕ್ಕೆ ಮೇಲಿನ ಪೊರೆ ಮಾತ್ರ ಸಿಗುತ್ತದೆ. ಆದರೆ ಅದೇ ಕಾರಣಕ್ಕೆ, "ಕ್ಯಾನ್ಸರ್ ಅಲ್ಲ" ಅನ್ನುವ ಮಾತು ಇನ್ನೂ ಪೂರ್ತಿ ಖಚಿತ ಅಲ್ಲ. ಕಾರ್ಸಿನಾಯ್ಡ್ ಅಂತ ಒಂದಿದೆ. ಅದೂ ನುಣ್ಣಗೆ, ಗುಂಡಗೆ ಇರುತ್ತದೆ. ನಿಧಾನವಾಗಿ ಬೆಳೆಯುತ್ತದೆ, ಆದರೆ ಅದು ಕ್ಯಾನ್ಸರ್ ಜಾತಿಯದ್ದೇ. ಅದಕ್ಕೆ ಎದೆ ತೆರೆದು ಮಾಡುವ ಆಪರೇಷನ್ನೇ ಮೊದಲ ದಾರಿ. ಸಾಮಾನ್ಯವಾಗಿ ಕೆಂಪಗಿರುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ, ಸ್ಕ್ಯಾನಿನಲ್ಲಿ ಕೊಬ್ಬು ಕಾಣುವುದಿಲ್ಲ. ನಿಮ್ಮ ಅಮ್ಮನದ್ದು ಹಳದಿ, ಒಳಗೆ ಕೊಬ್ಬು. ಹಾಗಾಗಿ ಅದರ ಸಾಧ್ಯತೆ ಕಮ್ಮಿ. ಪೂರ್ತಿ ಗಡ್ಡೆ ಹೊರಗೆ ಬಂದು ಲ್ಯಾಬಿಗೆ ಹೋದಾಗಲೇ ಕೊನೆ ಉತ್ತರ ಸಿಗುವುದು.

ಈಗ ಎದೆ ತೆರೆಯುವ ಮಾತು. ಲೆಕ್ಕ ಹಾಕಿ ತೋರಿಸುತ್ತೇನೆ. ಶ್ವಾಸಕೋಶವನ್ನು 19 ತುಂಡುಗಳಾಗಿ ಎಣಿಸುತ್ತೇವೆ, ಬಲಗಡೆ 10, ಎಡಗಡೆ 9. ಎಡಗಡೆ ಕೆಳಭಾಗದಲ್ಲಿ 4 ತುಂಡು. ಅದನ್ನು ತೆಗೆದರೆ 15 ಉಳಿಯುತ್ತದೆ. ಅಮ್ಮನ ಶೇ 42ರಲ್ಲಿ 19ಕ್ಕೆ 15 ಪಾಲು ಅಂದರೆ ಸುಮಾರು ಶೇ 33. ಆಪರೇಷನ್ ಆದ ಮೇಲೆ ಶೇ 40ಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಲೆಕ್ಕ ಬಂದರೆ ಅಪಾಯ ಜಾಸ್ತಿ ಅಂತ ನಾವು ಬಹಳ ಯೋಚಿಸುತ್ತೇವೆ. ಒಂದು ಮಾತು ಸೇರಿಸಬೇಕು: ಈಗಲೇ ಮುಚ್ಚಿಹೋಗಿರುವ ಭಾಗ ಹೇಗೂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಹಾಗಾಗಿ ನಿಜವಾದ ನಷ್ಟ ಇಷ್ಟಿರಲಿಕ್ಕಿಲ್ಲ. ಆದರೂ ತೊಟ್ಟಿನ ಮೇಲೆ ನೇತಾಡುವ ಸಾದಾ ಗಡ್ಡೆಗಾಗಿ ಇಷ್ಟು ಕಡಿಮೆ ಉಸಿರಿನವರ ಶ್ವಾಸಕೋಶ ಕೊಯ್ಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೊದಲು ಸ್ಕೋಪ್.

ಹಾಗಂತ ಸರ್ಜನ್ ಹೇಳಿದ್ದು ಸುಮ್ನೆ ಅಲ್ಲ. ಗಡ್ಡೆಯ ಹಿಂದಿನ ಭಾಗ ಕೀವು ತುಂಬಿ ಪೂರ್ತಿ ಹಾಳಾಗಿದ್ದರೆ ಅಥವಾ ಗಡ್ಡೆ ನಾಳದ ಗೋಡೆ ದಾಟಿ ಹೊರಗೆ ಬೆಳೆದಿದ್ದರೆ ಸ್ಕೋಪಿನಿಂದ ಪ್ರಯೋಜನ ಇಲ್ಲ. ಸ್ಕ್ಯಾನ್ ರಿಪೋರ್ಟಿನಲ್ಲಿ ಗಡ್ಡೆಯ ಆಚೆ ನಾಳಗಳು ಹಿಗ್ಗಿವೆಯಾ, ಶ್ವಾಸಕೋಶ ಕುಗ್ಗಿದೆಯಾ ಅಂತ ನೋಡಿ ಇಲ್ಲಿ ಬರೆಯಿರಿ.

ದೊಡ್ಡಪ್ಪನವರ ಮಾತಿಗೂ ಉತ್ತರ ಅಲ್ಲೇ ಇದೆ. ಗಡ್ಡೆ ತಾನಾಗಿ ಅಮ್ಮನಿಗೆ ಏನೂ ಮಾಡುವುದಿಲ್ಲ. ಆದರೆ ಅದರ ಹಿಂದೆ ಕಫ ನಿಲ್ಲುತ್ತದೆ, ಕೊಳೆಯುತ್ತದೆ, ನಾಳ ಹಿಗ್ಗುತ್ತದೆ. ಒಂದು ಹಂತ ದಾಟಿದ ಮೇಲೆ ಗಡ್ಡೆ ತೆಗೆದರೂ ಆ ಭಾಗ ಹಿಂದಕ್ಕೆ ಬರುವುದಿಲ್ಲ. ಸಿಒಪಿಡಿ ಇರುವವರಿಗೆ ಪ್ರತಿ ನ್ಯುಮೋನಿಯಾವೂ ಇರುವ ಉಸಿರಿನಲ್ಲೇ ಸ್ವಲ್ಪ ಕಿತ್ತುಕೊಂಡು ಹೋಗುತ್ತದೆ.

—

ಪುತ್ತೂರಿನವ
ಸೋಮವಾರ, ಬೆಳಿಗ್ಗೆ 11:15

ನಮ್ಮ ಮಾವನದ್ದೂ ಒಂದು ಕಥೆ ಇದೆ. ಅವರಿಗೂ ದಮ್ಮಿನ ಕಾಯಿಲೆ. ಎಕ್ಸ್‌ರೇಯಲ್ಲಿ ಬಲಗಡೆ ಬಿಳಿ ಕಂಡಿತು ಅಂತ ಕಫದಲ್ಲಿ ಏನೂ ಸಿಗದಿದ್ದರೂ 6 ತಿಂಗಳು ಟಿಬಿ ಮಾತ್ರೆ ಕೊಟ್ಟರು. ಕಮ್ಮಿಯಾಗಲಿಲ್ಲ. ಆಮೇಲೆ ಸ್ಕೋಪ್ ಹಾಕಿದಾಗ ಗಡ್ಡೆ ಕಂಡಿತು, ಕ್ಯಾನ್ಸರೇ ಇರಬೇಕು ಅಂದರು. ಮನೆಯಲ್ಲಿ ಅತ್ತೆ ಊಟ ಬಿಟ್ಟರು. ಕೊನೆಗೆ ಬಿಡಿಸುತ್ತಾ ಹೋದರೆ ಒಳಗೆ ಅಡಿಕೆ ಹೋಳು! ಎಲೆಯಡಿಕೆ ಹಾಕಿಕೊಂಡು ಮಲಗಿದಾಗ ಒಳಗೆ ಹೋಗಿರಬೇಕು. ಅದರ ಸುತ್ತ ಮಾಂಸ ಬೆಳೆದಿತ್ತು.

—

ಎದೆರೋಗ ವೈದ್ಯೆ
ಸೋಮವಾರ, ಮಧ್ಯಾಹ್ನ 2:10

ಇದು ನಮ್ಮ ಕಡೆ ನಿಜವಾಗಿ ನೆನಪಿಡಬೇಕಾದ ವಿಷಯ. ಅಡಿಕೆ, ಶೇಂಗಾ, ಹುಣಸೆ ಬೀಜ, ಮೀನಿನ ಮುಳ್ಳು ಒಳಗೆ ಸಿಕ್ಕಿಕೊಂಡರೆ ಸುತ್ತ ಮಾಂಸ ಬೆಳೆದು ಗಡ್ಡೆ ಥರವೇ ಕಾಣುತ್ತದೆ. ಉಸಿರುನಾಳದ ಒಳಗೆ ಬರುವ ಟಿಬಿಯೂ ಕೆಲವು ಸಲ ಗಡ್ಡೆಯ ವೇಷದಲ್ಲಿ ಬರುತ್ತದೆ. ಹಾಗಾಗಿ ಸ್ಕೋಪಿನಲ್ಲಿ ಕಫದ ಮಾದರಿ ತೆಗೆದಾಗ ಟಿಬಿ ಪರೀಕ್ಷೆಗೂ ಕಳಿಸಿದ್ದಾರಾ ಅಂತ ಕೇಳಿ. ಸಾಬೀತಾಗದೆ ಟಿಬಿ ಮಾತ್ರೆ ನುಂಗಿಸುವುದೂ ತಪ್ಪು, ಇರುವ ಟಿಬಿ ಬಿಟ್ಟುಬಿಡುವುದೂ ತಪ್ಪು.

ಅಸ್ತಮಾ ಇರುವವರಲ್ಲಿ ಅಪರೂಪಕ್ಕೆ ಊತದಿಂದಲೇ ಆದ ಸಣ್ಣ ಗಂಟುಗಳು ನಾಳದಲ್ಲಿ ಕಾಣುತ್ತವೆ. ಅವುಗಳಲ್ಲಿ ಕೆಲವು ಸ್ಟೀರಾಯ್ಡ್ ಕೊಟ್ಟರೆ ಕರಗುವುದೂ ಇದೆ, ತೆಗೆಯುವ ಅಗತ್ಯವೇ ಬರುವುದಿಲ್ಲ.

—

ಹಾವೇರಿ ಮೇಷ್ಟ್ರು
ಸೋಮವಾರ, ಸಂಜೆ 7:45

ಡಾಕ್ಟರ್ ಮೇಡಂ, ತಪ್ಪು ತಿಳಿಯಬೇಡಿ, ಒಂದು ಕೇಳುತ್ತೇನೆ. ಆಡುಸೋಗೆ ಕಷಾಯ ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕುಡಿಯುತ್ತೇವೆ. ಇಂಥ ಗಡ್ಡೆ ಅದರಿಂದ ಕರಗುತ್ತದೆಯೇ?

ಇನ್ನೊಂದು, ನನ್ನದೇ. ಕೊರೊನಾ ಎರಡನೇ ಅಲೆಯಲ್ಲಿ 18 ದಿನ ವೆಂಟಿಲೇಟರ್ ಮೇಲೆ ಇದ್ದೆ. ಮೊದಲೇ ಸಿಒಪಿಡಿ ಇತ್ತು. ಬದುಕಿ ಬಂದೆ, ದೇವರ ದಯೆ. ಆದರೆ ಆಮೇಲೆ ಉಸಿರಾಟ ಬಿಗಿಯಾಗುತ್ತಾ ಬಂದಿದೆ. ಮೂರು ಥರ ಇನ್ಹೇಲರ್ ಬದಲಿಸಿದರೂ ಒಂದಿಷ್ಟೂ ಫರಕಿಲ್ಲ. ಉಸಿರು ಒಳಗೆ ಎಳೆಯುವಾಗ ಗರಗಸದ ಹಾಗೆ ಸದ್ದು ಬರುತ್ತದೆ. ಕ್ಲಾಸಿನಲ್ಲಿ ಮಕ್ಕಳೂ ಗುರುತಿಸುತ್ತಾರೆ.

—

ಎದೆರೋಗ ವೈದ್ಯೆ
ಸೋಮವಾರ, ರಾತ್ರಿ 9:00

ಮೇಷ್ಟ್ರೇ, ತಪ್ಪೇನಿದೆ. ಕಷಾಯ ಕುಡಿದರೆ ಗಂಟಲಿಗೆ ಹಿತ ಅನ್ನಿಸಬಹುದು. ಮೆತ್ತನೆ ಎಲುಬು, ಕೊಬ್ಬಿನಿಂದ ಆದ ಗಡ್ಡೆಯನ್ನು ಅದು ಕರಗಿಸುವುದಿಲ್ಲ. ಯಾವ ಮಾತ್ರೆಯೂ ಕರಗಿಸುವುದಿಲ್ಲ.

ಆದರೆ ನಿಮ್ಮ ವಿಷಯ ನನಗೆ ಜಾಸ್ತಿ ಚಿಂತೆ ತಂದಿದೆ. ಸಿಒಪಿಡಿಯ ಸೀಟಿ ಉಸಿರು ಬಿಡುವಾಗ ಬರುತ್ತದೆ. ನಿಮಗೆ ಎಳೆಯುವಾಗ ಬರುತ್ತಿದೆ. ಹೆಚ್ಚು ದಿನ ವೆಂಟಿಲೇಟರಿನ ಟ್ಯೂಬ್ ಒಳಗಿದ್ದವರಿಗೆ ಅದರ ಬಲೂನು ಒತ್ತಿದ ಜಾಗದಲ್ಲಿ ಗಾಯವಾಗಿ, ಮಾಂಸ ಬೆಳೆದು, ಮುಖ್ಯ ಉಸಿರುಕೊಳವೆ ಕಿರಿದಾಗುವುದುಂಟು. ದಾರಿ 8 ಮಿ.ಮೀ.ಗಿಂತ ಕಡಿಮೆಯಾದಾಗ ನಡೆದರೆ ಏದುಸಿರು, 5 ಮಿ.ಮೀ.ಗಿಂತ ಕಡಿಮೆಯಾದಾಗ ಕೂತಲ್ಲೇ ಏದುಸಿರು. ಇನ್ಹೇಲರಿನಿಂದ ಇದಕ್ಕೆ ಏನೂ ಆಗುವುದಿಲ್ಲ. ಊದುವ ಪರೀಕ್ಷೆಯ ಕಾಗದದಲ್ಲಿ ಒಂದು ಸುತ್ತಿನ ಗೆರೆ ಇರುತ್ತದೆ ನೋಡಿ. ಅದರ ಮೇಲಿನ ತುದಿ, ಕೆಳಗಿನ ಹೊಟ್ಟೆ ಎರಡೂ ಒತ್ತಿದ ಹಾಗೆ ಚಪ್ಪಟೆಯಾಗಿದ್ದರೆ ಕೊಳವೆ ಕಿರಿದಾಗಿದೆ ಅಂತ ಸುಳಿವು. ಇದೇ ವಾರ ಕುತ್ತಿಗೆ ಮತ್ತು ಎದೆಯ ಸಿಟಿ ಮಾಡಿಸಿ. ಕೂತಲ್ಲೇ ಸದ್ದು ಬಂದರೆ ಅಥವಾ ಮಾತಾಡಲು ಕಷ್ಟವಾದರೆ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ.

ಅಲ್ಲಿ ಯಾರಾದರೂ ಮೊದಲ ಭೇಟಿಯಲ್ಲೇ ದಾರಿ ತೆರೆದಿಡುವ ಲೋಹದ ಜಾಲರಿ ಸ್ಟೆಂಟ್ ಹಾಕೋಣ ಅಂದರೆ ಎರಡನೇ ಅಭಿಪ್ರಾಯ ಕೇಳಿ. ಕ್ಯಾನ್ಸರ್ ಅಲ್ಲದ ತೊಂದರೆಗೆ ಲೋಹದ ಸ್ಟೆಂಟ್ ಬೇಡ, ಬೇರೆ ದಾರಿ ಎಲ್ಲ ಮುಗಿದ ಮೇಲೆ ಮಾತ್ರ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಅದರ ಮೇಲೆ ಮಾಂಸ ಬೆಳೆದು ಒಳಗೇ ಹೂತುಹೋಗುತ್ತದೆ, ಹೊರಗೆ ತೆಗೆಯುವುದು ದೊಡ್ಡ ಕಷ್ಟ. ಬಲೂನಿನಿಂದ ಹಿಗ್ಗಿಸುವುದು, ಸಿಲಿಕಾನ್ ಸ್ಟೆಂಟ್, ಕಿರಿದಾದ ಭಾಗ ಕತ್ತರಿಸಿ ಜೋಡಿಸುವುದು ಇದೆಲ್ಲ ಇದೆ. ಯಾವುದು ಅನ್ನುವುದು ಎಷ್ಟು ಉದ್ದ ಕಿರಿದಾಗಿದೆ ಅನ್ನುವುದರ ಮೇಲೆ.

—

ಅರಿವಳಿಕೆ ಡಾಕ್ಟರ್
ಸೋಮವಾರ, ರಾತ್ರಿ 11:30

ಮಲೆನಾಡ ಮಗಳು ಅವರೇ, ನಾನು ಅನಸ್ತೇಶಿಯಾ ಕೊಡುವವನು. ಸ್ಕೋಪಿನಲ್ಲಿ ತೆಗೆಯುವುದು ಎದೆ ಕೊಯ್ಯುವುದಕ್ಕಿಂತ ಎಷ್ಟೋ ಸುಲಭ, ಒಪ್ಪುತ್ತೇನೆ. ಆದರೆ ನಿಮ್ಮ ಅಮ್ಮನಂಥವರಲ್ಲಿ ಒಂದು ಇಕ್ಕಟ್ಟು ಇದೆ. ಅದನ್ನು ನೀವು ತಿಳಿದುಕೊಂಡರೆ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಬಹುದು.

ಗಡ್ಡೆ ತೆಗೆಯಲು ಬಿಸಿಯ ದಾರಿ, ತಂಪಿನ ದಾರಿ ಅಂತ ಎರಡಿವೆ. ಬಿಸಿ ಅಂದರೆ ಕರೆಂಟಿನ ತಂತಿ ಕುಣಿಕೆ, ಲೇಸರ್, ಆರ್ಗಾನ್ ಗ್ಯಾಸಿನ ಕಿಡಿ. ತೊಟ್ಟಿರುವ ಗಡ್ಡೆಗೆ ಕುಣಿಕೆ ತುಂಬಾ ಚೆನ್ನಾಗಿ ಒಪ್ಪುತ್ತದೆ. ತೊಟ್ಟಿಗೆ ಸುತ್ತಿ, ಬಿಗಿದು, ಕರೆಂಟ್ ಕೊಟ್ಟರೆ ಕತ್ತರಿಸಿಕೊಳ್ಳುತ್ತದೆ, ರಕ್ತವೂ ಅಲ್ಲೇ ನಿಲ್ಲುತ್ತದೆ. ಆದರೆ ಉಸಿರುನಾಳದೊಳಗೆ ಬಿಸಿ ಮತ್ತು ಆಕ್ಸಿಜನ್ ಸೇರಿದರೆ ಬೆಂಕಿ ಹತ್ತಬಹುದು. ಅದಕ್ಕೇ ಆ ಹೊತ್ತಿನಲ್ಲಿ ಉಸಿರಿಗೆ ಕೊಡುವ ಗಾಳಿಯಲ್ಲಿ ಆಕ್ಸಿಜನ್ ಶೇ 40ಕ್ಕಿಂತ ಕೆಳಗೆ ಇಳಿಸಿಯೇ ಕರೆಂಟ್ ಕೊಡಬೇಕು. ಆರೋಗ್ಯವಾದ ಶ್ವಾಸಕೋಶ ಇರುವವರಿಗೆ ಇದು ಏನೂ ಅಲ್ಲ. ನಿಮ್ಮ ಅಮ್ಮನಿಗೆ ಇಳಿಸಿದ ಕೂಡಲೇ ರಕ್ತದ ಆಕ್ಸಿಜನ್ ಜಾರಬಹುದು.

ಹಾಗಾದರೆ ತಂಪು ಮಾಡೋಣ, ಅಂದರೆ ಗಡ್ಡೆಯನ್ನು ಹೆಪ್ಪುಗಟ್ಟಿಸೋಣ ಅನ್ನಿಸುತ್ತದೆ ಅಲ್ವಾ? ಅದಕ್ಕೆ ಆಕ್ಸಿಜನ್ ಎಷ್ಟು ಕೊಟ್ಟರೂ ಬೆಂಕಿಯ ಭಯ ಇಲ್ಲ. ಆದರೆ ಕೊಬ್ಬು, ಮೆತ್ತನೆ ಎಲುಬು, ನಾರು ಇವು ತಂಪಿಗೆ ಸುಲಭಕ್ಕೆ ಸಾಯುವುದಿಲ್ಲ. ಹ್ಯಾಮರ್ಟೋಮಾ, ಲಿಪೋಮಾ ಆಗಿರುವುದೇ ಇವುಗಳಿಂದ. ನೀರಿನ ಅಂಶ ಜಾಸ್ತಿ ಇರುವ ಮಾಂಸಕ್ಕೆ ತಂಪು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಇಲ್ಲಿ ತಂಪಿನ ಕಡ್ಡಿ ಗಡ್ಡೆಯನ್ನು ಕೊಲ್ಲಲು ಅಷ್ಟು ಉಪಯೋಗವಿಲ್ಲ, ಕತ್ತರಿಸಿದ ಮೇಲೆ ಅಂಟಿಸಿಕೊಂಡು ಹೊರಗೆ ಎಳೆಯಲು ಉಪಯೋಗ.

ಆದ್ದರಿಂದ ಬಿಸಿಯನ್ನೇ ಬಳಸಬೇಕಾಗುತ್ತದೆ, ಚೂರು ಚೂರಾಗಿ. ನಾವು ಹೀಗೆ ಮಾಡುತ್ತೇವೆ. ಚೆನ್ನಾಗಿ ಆಕ್ಸಿಜನ್ ಕೊಟ್ಟು ತುಂಬಿಸಿಕೊಳ್ಳುವುದು. ಇಳಿಸುವುದು. ಕೆಲವು ಸೆಕೆಂಡು ಕರೆಂಟ್. ನಿಲ್ಲಿಸಿ ಮತ್ತೆ ಆಕ್ಸಿಜನ್. ಸ್ಕೋಪ್ ಹಿಡಿದವರೂ ನಾನೂ ಮಾತಾಡಿಕೊಳ್ಳುತ್ತಲೇ ಇರಬೇಕು. "ಈಗ ಕೊಡಲಾ?" "ತಡೀರಿ." "ಹ್ಞೂಂ, ಈಗ." ಸ್ಕೋಪ್ ಮಾಡುವವರೂ ಅರಿವಳಿಕೆಯವರೂ ಜೊತೆಯಲ್ಲಿ ಕೆಲಸ ಮಾಡಿ ಅಭ್ಯಾಸ ಇರುವ ಜಾಗ ಹುಡುಕಿ ಅಂತ ನಾನು ಹೇಳುವುದು ಇದಕ್ಕೇ.

ಗಟ್ಟಿ ಲೋಹದ ಕೊಳವೆಯ ಸ್ಕೋಪ್, ಅಂದರೆ ರಿಜಿಡ್ ಬ್ರಾಂಕೋಸ್ಕೋಪ್, ಇಂಥವರಿಗೆ ಒಳ್ಳೆಯದು. 1897ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಉಸಿರುನಾಳದಿಂದ ಹಂದಿ ಎಲುಬಿನ ಚೂರು ತೆಗೆದದ್ದು ಇಂಥದ್ದೇ ನೆಟ್ಟನೆಯ ಕೊಳವೆಯಿಂದ. ಮೆತ್ತನೆ ಸ್ಕೋಪ್ ಬಂದು ಇಷ್ಟು ವರ್ಷವಾದರೂ ಹಳೆಯದು ಮೂಲೆಗೆ ಹೋಗಿಲ್ಲ, ಯಾಕೆಂದರೆ ಅದರ ಮೂಲಕವೇ ಉಸಿರು ಕೊಡಬಹುದು, ರಕ್ತ ಬಂದರೆ ಒತ್ತಿ ನಿಲ್ಲಿಸಬಹುದು, ದೊಡ್ಡ ಚಿಮುಟ ಹಾಕಿ ಗಡ್ಡೆಯನ್ನು ಇಡಿಯಾಗಿ ಎಳೆಯಬಹುದು. ಪೂರ್ತಿ ನಿದ್ದೆ ಬರಿಸಬೇಕು ಅನ್ನುವುದು ಮಾತ್ರ ಕಷ್ಟದ ಭಾಗ. ಸಿಒಪಿಡಿಯವರಿಗೆ ಉಸಿರು ಹೊರಗೆ ಹೋಗಲು ಸಮಯ ಬೇಕು. ಅವಸರ ಮಾಡಿದರೆ ಗಾಳಿ ಒಳಗೇ ಕಟ್ಟಿಕೊಂಡು ಶ್ವಾಸಕೋಶ ಒಡೆಯುವ ಅಪಾಯ ಇದೆ.

ನೀವು ಕೇಳಬೇಕಾದ್ದು: ರಕ್ತದ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ನೋಡಿದ್ದೀರಾ? ರಾತ್ರಿ ಐಸಿಯು ಹಾಸಿಗೆ ಇದೆಯಾ? ಮಾಸ್ಕಿನಿಂದ ಉಸಿರು ಕೊಡುವ ಬೈಪ್ಯಾಪ್ ಪಕ್ಕದಲ್ಲೇ ಇರುತ್ತದಾ? ಆಮೇಲೆ ವಾರ್ಡಿನಲ್ಲಿ ಆಕ್ಸಿಜನ್ 100 ಕಾಣಲಿ ಅಂತ ಯಾರೂ ಜಾಸ್ತಿ ತಿರುಗಿಸಬೇಡಿ, ಮನೆಯವರೂ ಕೂಡ. ಇಂಥವರಿಗೆ 88ರಿಂದ 92 ಇದ್ದರೆ ಸಾಕು. ಜಾಸ್ತಿಯಾದರೆ ಕೆಲವರಿಗೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ.

—

ಉಡುಪಿಯ ನರ್ಸಕ್ಕ
ಮಂಗಳವಾರ, ಬೆಳಿಗ್ಗೆ 8:20

ಡಾಕ್ಟರುಗಳು ದೊಡ್ಡದೆಲ್ಲ ಹೇಳಿದ್ದಾರೆ. ನಾನು ಸ್ಕೋಪ್ ರೂಮಿನಲ್ಲಿ ಇರುವವಳು, ಸಣ್ಣದು ಹೇಳುತ್ತೇನೆ. ಅಲ್ಲಾಡುವ ಹಲ್ಲು ಇದ್ದರೆ ಮೊದಲೇ ಹೇಳಿ, ಗಟ್ಟಿ ಸ್ಕೋಪ್ ಹಲ್ಲಿನ ಪಕ್ಕದಲ್ಲೇ ಹೋಗುತ್ತದೆ. ಕಟ್ಟಿಸಿದ ಹಲ್ಲು ತೆಗೆದಿಡಿ. ಕುತ್ತಿಗೆ ಹಿಂದಕ್ಕೆ ಬಗ್ಗಿಸಲು ನೋವಿದ್ದರೆ ಅದೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ಸಮೇತ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ. ಇನ್ಹೇಲರ್ ಆ ದಿನ ಬೆಳಿಗ್ಗೆಯೂ ತಗೊಳ್ಳಬೇಕು. ತುಂಬಾ ಜನ "ಹೊಟ್ಟೆ ಖಾಲಿ ಇರಬೇಕು" ಅಂತ ಅದನ್ನೂ ಬಿಟ್ಟು ಬರುತ್ತಾರೆ!

ಆಮೇಲೆ ಕಫದಲ್ಲಿ ಒಂದೆರಡು ದಿನ ರಕ್ತದ ಎಳೆ ಬರಬಹುದು. ಚಮಚದಷ್ಟು ಬಂದರೆ, ಎದೆ ನೋವು ಬಂದರೆ, ಏದುಸಿರು ಹೆಚ್ಚಿದರೆ ಕೂಡಲೇ ಫೋನ್ ಮಾಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ, ಕೊನೆ ಗಳಿಗೆಯಲ್ಲಿ ಓಡಾಡಬೇಡಿ. ಈ ಚಿಕಿತ್ಸೆ ಅದರ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿ.

—

ಮೆಲ್ಬರ್ನ್ ಕನ್ನಡತಿ
ಮಂಗಳವಾರ, ಮಧ್ಯಾಹ್ನ 1:00

ಎಲ್ಲ ಸಾದಾ ಗಡ್ಡೆಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಅದನ್ನೂ ಇಲ್ಲಿ ಯಾರಾದರೂ ಹೇಳಬೇಕು ಅನ್ನಿಸಿತು.

ನನ್ನ ಗಂಡನಿಗೆ ಅಸ್ತಮಾ. ಧ್ವನಿ ಒಡೆದದ್ದನ್ನು ಇನ್ಹೇಲರ್ ಸ್ಟೀರಾಯ್ಡ್‌ನಿಂದ ಅಂದುಕೊಂಡು ಎರಡು ವರ್ಷ ಕಳೆದೆವು. ಆಮೇಲೆ ಗೊತ್ತಾಯಿತು, ಗಂಟಲಲ್ಲೂ ಉಸಿರುಕೊಳವೆಯಲ್ಲೂ ಹೂಕೋಸಿನ ಹಾಗೆ ಪ್ಯಾಪಿಲೋಮಾ ಅನ್ನುವ ಗಡ್ಡೆಗಳು. ಎಚ್‌ಪಿವಿ ವೈರಸ್ಸಿನ 6 ಮತ್ತು 11ನೇ ಬಗೆಯಿಂದ ಬರುವುದು. ಕ್ಯಾನ್ಸರ್ ಅಲ್ಲ. ಆದರೆ ತೆಗೆದರೆ ಮತ್ತೆ ಬರುತ್ತದೆ. ಈವರೆಗೆ 11 ಸಲ ಆಪರೇಷನ್ ಥಿಯೇಟರಿಗೆ ಹೋಗಿ ಬಂದಿದ್ದಾರೆ. ಪ್ರತಿ ಸಲವೂ ನಾನು ಹೊರಗೆ ಅದೇ ಕುರ್ಚಿಯಲ್ಲಿ ಕೂತಿರುತ್ತೇನೆ. ಈಗ ಬೆವಸಿಜುಮ್ಯಾಬ್ ಅನ್ನುವ ಔಷಧಿ ರಕ್ತನಾಳಕ್ಕೆ ಕೊಡುತ್ತಿದ್ದಾರೆ. ಗಡ್ಡೆಗೆ ರಕ್ತ ಸಿಗದ ಹಾಗೆ ಮಾಡುತ್ತದಂತೆ. 7 ತಿಂಗಳಿಂದ ಥಿಯೇಟರ್ ಮುಖ ನೋಡಿಲ್ಲ.

ಇಲ್ಲಿ ಆಸ್ಟ್ರೇಲಿಯಾದಲ್ಲಿ 2007ರಿಂದ ಶಾಲೆಯಲ್ಲೇ ಹೆಣ್ಣುಮಕ್ಕಳಿಗೆ, 2013ರಿಂದ ಗಂಡುಮಕ್ಕಳಿಗೂ ಎಚ್‌ಪಿವಿ ಲಸಿಕೆ ಹಾಕುತ್ತಾರೆ. ಮಕ್ಕಳಲ್ಲಿ ಹೊಸದಾಗಿ ಈ ಕಾಯಿಲೆ ಕಾಣುವುದು 2012ರಲ್ಲಿ ಲಕ್ಷಕ್ಕೆ 0.16 ಇದ್ದದ್ದು 2016ರಲ್ಲಿ 0.02ಕ್ಕೆ ಇಳಿಯಿತು. ಊರಲ್ಲಿ ಮಕ್ಕಳಿರುವವರು ಕೇಳಿ: ಭಾರತದಲ್ಲೇ ತಯಾರಾಗುವ ಸರ್ವಾವ್ಯಾಕ್ ಲಸಿಕೆಯಲ್ಲಿ 6, 11, 16, 18 ನಾಲ್ಕೂ ಬಗೆ ಸೇರಿವೆ. ಗರ್ಭಕೊರಳಿನ ಕ್ಯಾನ್ಸರಿಗೆ ಅಂತ ಎಲ್ಲರೂ ಹೇಳುತ್ತಾರೆ. ಉಸಿರುನಾಳಕ್ಕೂ ಅದು ಕಾವಲು ಅಂತ ನಮ್ಮವರಿಗೆ ಗೊತ್ತಿಲ್ಲ.

—

ಮಲೆನಾಡ ಮಗಳು
ಮಂಗಳವಾರ, ರಾತ್ರಿ 10:40

ಎಲ್ಲವನ್ನೂ ಎರಡೆರಡು ಸಲ ಓದಿದೆ. ಅಮ್ಮನಿಗೂ ಫೋನಿನಲ್ಲಿ ಓದಿ ಹೇಳಿದೆ. ವೈದ್ಯೆ ಮೇಡಂ, ರಿಪೋರ್ಟ್ ನೋಡಿದೆ. ಆಚೆ ಭಾಗ ಸ್ವಲ್ಪ ಕುಗ್ಗಿದೆ ಅಂತ ಇದೆ, ನಾಳ ಹಿಗ್ಗಿದ್ದು ಒಂದು ಕಡೆ ಮಾತ್ರ. ಟಿಬಿ ಪರೀಕ್ಷೆಗೆ ಕಳಿಸಿದ್ದರು, ಇಲ್ಲ ಅಂತ ಬಂದಿದೆ. ಸ್ಕೋಪಿನಲ್ಲೇ ತೆಗೆಸುವುದು ಅಂತ ತೀರ್ಮಾನ ಮಾಡಿದೆವು. ದೊಡ್ಡಪ್ಪನಿಗೆ ಮೇಡಂ ಬರೆದದ್ದನ್ನೇ ಕಳಿಸಿದೆ. "ಹಾಗಾದರೆ ನಾನೂ ಬರ್ತೇನೆ ಆಸ್ಪತ್ರೆಗೆ" ಅಂದರು.

—

ಮಲೆನಾಡ ಮಗಳು
5 ವಾರದ ನಂತರ, ಶನಿವಾರ, ಸಂಜೆ 6:15

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ.

ಅಮ್ಮನ ಗಡ್ಡೆ ತೆಗೆದರು. ಮೊದಲು 10 ದಿನ ಆಂಟಿಬಯೋಟಿಕ್, ನೆಬ್ಯುಲೈಸರ್, ಉಸಿರಿನ ವ್ಯಾಯಾಮ ಮಾಡಿಸಿ ಎದೆ ಹಸನು ಮಾಡಿಕೊಂಡರು. ಗಟ್ಟಿ ಸ್ಕೋಪ್, ಕರೆಂಟ್ ಕುಣಿಕೆ. ಅರಿವಳಿಕೆ ಡಾಕ್ಟರ್ ಇಲ್ಲಿ ಹೇಳಿದ ಹಾಗೆಯೇ ಆಯಿತಂತೆ. ಒಂದು ಸಲ ಆಕ್ಸಿಜನ್ 84ಕ್ಕೆ ಇಳಿದಿತ್ತು, ನಿಲ್ಲಿಸಿ, ಸುಧಾರಿಸಿಕೊಂಡು, ಮತ್ತೆ ಮಾಡಿದರು. ಒಟ್ಟು 50 ನಿಮಿಷ. ಗಡ್ಡೆ ಹೊರಗೆ ಬಂದ ಕೂಡಲೇ ಹಿಂದಿನಿಂದ ಕೀವು ನುಗ್ಗಿ ಬಂತಂತೆ, ಅದನ್ನೆಲ್ಲ ಎಳೆದು ತೊಳೆದರು. ಒಂದು ರಾತ್ರಿ ಐಸಿಯು, ಬೈಪ್ಯಾಪ್ 4 ಗಂಟೆ ಬೇಕಾಯಿತು. 4ನೇ ದಿನ ಮನೆ.

ಲ್ಯಾಬ್ ರಿಪೋರ್ಟ್: ಹ್ಯಾಮರ್ಟೋಮಾ. ಕ್ಯಾನ್ಸರಿನ ಅಂಶ ಇಲ್ಲ.

ಮೊನ್ನೆ ಊದುವ ಪರೀಕ್ಷೆ ಮಾಡಿದರು. 0.72 ಇದ್ದದ್ದು 0.86 ಆಗಿದೆ. ಕೆಂಗೇರಿ ಅಣ್ಣ, ನೀವು ಮೊದಲೇ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಗೊತ್ತಾ. ಅಮ್ಮನಿಗೆ ಮೊದಲೇ ಹೇಳಿದ್ದೆವು, ಒಲೆಯ ಹೊಗೆ ಮಾಡಿದ್ದು ಹಾಗೇ ಇರುತ್ತದೆ ಅಂತ. ಹಾಗಾಗಿ ಅವಳು ಈಗ ಆದದ್ದಕ್ಕೇ ಖುಷಿಯಾಗಿದ್ದಾಳೆ. ಮುಂಚೆ ಬಾವಿಕಟ್ಟೆ ತನಕ ಹೋಗಲು ಎರಡು ಸಲ ಕೂರಬೇಕಿತ್ತು. ಈಗ ಒಂದೇ ಸಲಕ್ಕೆ ಹೋಗುತ್ತಾಳೆ, ನಿಧಾನವಾಗಿ. ತೋಟದ ಇಳಿಜಾರು ಇಳಿದು ಹತ್ತಲು ಇನ್ನೂ ಆಗುವುದಿಲ್ಲ. ರಾತ್ರಿ ಮಲಗಿದಾಗ ಎಡ ಮಗ್ಗುಲಲ್ಲಿ ಕೇಳುತ್ತಿದ್ದ ಆ ಸೀಟಿ ನಿಂತಿದೆ. "ಮನೆ ಎಷ್ಟು ಮೌನ ಅಲ್ವಾ" ಅಂತ ಅಪ್ಪ ಹೇಳಿದರು.

ಇನ್ಹೇಲರ್ ಬಿಟ್ಟಿಲ್ಲ. ತಗೊಂಡ ಮೇಲೆ ಬಾಯಿ ಮುಕ್ಕಳಿಸುವುದನ್ನೂ ರೂಢಿ ಮಾಡಿಸಿದ್ದೇವೆ.

—

ಎದೆರೋಗ ವೈದ್ಯೆ
ಶನಿವಾರ, ರಾತ್ರಿ 8:05

ಓದಿ ಮನಸ್ಸು ತುಂಬಿ ಬಂತು. ಮತ್ತೆ ಸ್ಕೋಪ್ ಯಾವಾಗ ಅಂದಿದ್ದಾರೆ? ತೊಟ್ಟಿನ ಬುಡ ಒಂದು ಸಲ ನೋಡಬೇಕು. ಹ್ಯಾಮರ್ಟೋಮಾ ಮತ್ತೆ ಬರುವುದು ಕಮ್ಮಿ, ಆದರೆ ಸ್ಕೋಪಿನಲ್ಲಿ ತೆಗೆದಾಗ ಬುಡದಲ್ಲಿ ಚೂರು ಉಳಿದಿರಬಹುದು. ಹಿಗ್ಗಿದ ನಾಳದ ಕಡೆಯಿಂದ ಕಫ ಇಳಿಸುವ ವ್ಯಾಯಾಮ ದಿನಾ ಮಾಡಿಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಆಗಿದೆಯಾ? ಮತ್ತೆ ಆ ಬಚ್ಚಲ ಒಲೆ?

—

ಮಲೆನಾಡ ಮಗಳು
ಶನಿವಾರ, ರಾತ್ರಿ 8:30

3 ತಿಂಗಳಿಗೆ ಸ್ಕೋಪ್, ಆಮೇಲೆ ವರ್ಷಕ್ಕೊಂದು ಸ್ಕ್ಯಾನ್ ಅಂದಿದ್ದಾರೆ. ಲಸಿಕೆ ಎರಡೂ ಆಯಿತು. ಅಡುಗೆಗೆ ಗ್ಯಾಸ್ ಮಾತ್ರ ಈಗ. ಬಚ್ಚಲ ಒಲೆ ಉರಿಸುವುದು ಇನ್ನು ಅಪ್ಪನ ಕೆಲಸ ಅಂತ ಮೊದಲು ಅಂದುಕೊಂಡಿದ್ದೆವು. ಅಪ್ಪನ ಉಸಿರೂ ಉಸಿರೇ ಅಲ್ವಾ. ಹಾಗಾಗಿ ದೊಡ್ಡಪ್ಪನೇ ನಿಂತು ಸೋಲಾರ್ ಹಾಕಿಸಿದರು. ಮಳೆಗಾಲಕ್ಕೆ ಗ್ಯಾಸ್ ಗೀಸರ್ ಇದೆ, ಬಚ್ಚಲ ಕಿಟಕಿ ದೊಡ್ಡದು ಮಾಡಿಸಿ ಹೊರಗೋಡೆಗೆ ಕೂರಿಸಿದ್ದೇವೆ.

—

ಹಾವೇರಿ ಮೇಷ್ಟ್ರು
ಶನಿವಾರ, ರಾತ್ರಿ 9:50

ತಂಗೀ, ಒಳ್ಳೆ ಸುದ್ದಿ ಹೇಳಿದೆ. ನನ್ನದೂ ಹೇಳಿಬಿಡುತ್ತೇನೆ. ಮೇಡಂ ಅಂದ ಹಾಗೆಯೇ ಕೊಳವೆ ಕಿರಿದಾಗಿತ್ತು, 6 ಮಿ.ಮೀ. ಉಳಿದಿತ್ತಂತೆ. ಸುತ್ತ ಬೆಳೆದ ಮಾಂಸ ಕತ್ತರಿಸಿ, ಬಲೂನಿನಿಂದ ಹಿಗ್ಗಿಸಿದ್ದಾರೆ. ಸ್ಟೆಂಟ್ ಹಾಕಿಲ್ಲ. ಮತ್ತೆ ಕಿರಿದಾಗಬಹುದು, ಒಂದೆರಡು ಸಲ ಹಿಗ್ಗಿಸಬೇಕಾಗಬಹುದು ಅಂದಿದ್ದಾರೆ. ಮೊನ್ನೆ ಸೋಮವಾರ ಕ್ಲಾಸಿಗೆ ಹೋಗಿ ಒಂದು ಇಡೀ ಪದ್ಯ ನಿಲ್ಲಿಸದೆ ಓದಿದೆ. ಮುಂದಿನ ಸ್ಕೋಪ್ 19ನೇ ತಾರೀಕು. ಆದ ಮೇಲೆ ಬಂದು ಇಲ್ಲೇ ಬರೆಯುತ್ತೇನೆ.